ಷರಾ

ಗುರುವಾರ ಗುರುವಾರ ಬರುತ್ತೇನೆ, ಫಿಲ್ಟರ್ ಬದಲಿಸಲು.
ತ್ಬಿಲಿಸಿಯ ಈ ಏರುಬೀದಿಯಲ್ಲಿ
ಹಳೆಯ ಮರದ ಬಾಲ್ಕನಿಗಳ ಎದುರು
ಹದಿನೇಳು ಅಂತಸ್ತು ಏಳುತ್ತಿದೆ.
ಬೇಲಿಯ ಮೂಲೆಯಲ್ಲಿ ನನ್ನ ಪೆಟ್ಟಿಗೆ,
ಬಿಳಿಯದು, ಪಾರಿವಾಳದ ಗೂಡಿನಷ್ಟು,
ಹಗಲೂ ರಾತ್ರಿ ಸಣ್ಣಗೆ ಉಸಿರೆಳೆಯುತ್ತ.
ಅದರ ಎದೆಯೊಳಗಿನ ಬಿಲ್ಲೆಯನ್ನು ಚಿಮಟದಲ್ಲಿ ತೆಗೆದು
ಹೊಸದಿಟ್ಟು, ಹಳೆಯದನ್ನು ಡಬ್ಬಿಗೆ ಹಾಕಿ
ವೇಳೆ ಬರೆದು ಸಹಿ ಮಾಡಿದರೆ ಆಯಿತು.
ಸಂಬಳ ಇಷ್ಟಕ್ಕೇ.

ಮೊದಲ ತಿಂಗಳು ಬಿಲ್ಲೆ ಬೆಕ್ಕಿನ ಬೂದು ಬಣ್ಣ.
ಎರಡನೆಯ ತಿಂಗಳು ಹಾಲಿನ ಕೆನೆ.
ತಕ್ಕಡಿಯ ಮುಳ್ಳು ಅಲುಗಲೇ ಇಲ್ಲ ಅನ್ನಿ.
ಮೇಲಿನವರು ಖುಷಿಪಟ್ಟರು: ಕಟ್ಟುವವರು ಸುಧಾರಿಸಿದ್ದಾರೆ.

ಎದುರುಮನೆಯ ಲಮಾರಾ ಮಾತ್ರ
ರಾಟೆಯ ಹಗ್ಗ ಎಳೆದು ದುಪ್ಪಟಿ ಒಳತರುತ್ತ
ಮೂರನೇ ಅಂತಸ್ತಿನಿಂದ ಕೂಗಿದಳು:
"ಏನೇ ತ್ಸಿಯಾಲಾ, ನಿನ್ನ ಪೆಟ್ಟಿಗೆಗೆ ನೆಗಡಿಯೇ?
ದ್ರಾಕ್ಷಿಯೆಲೆ ಮೂರು ನೀರಲ್ಲಿ ತೊಳೆದೆ.
ಮೂರನೆಯ ನೀರಲ್ಲೂ
ಗೋಡೆ ಕಟ್ಟಬಹುದು."

ಅಂದು ಬಗ್ಗಿ ನೋಡಿದೆ.
ಪೆಟ್ಟಿಗೆಯ ಸುತ್ತ ನಾಲ್ಕು ಮಾರು ನೆಲ
ಒದ್ದೆ.
ಅದರಾಚೆ ಸಿಮೆಂಟಿನ ಹಿಟ್ಟು, ಕಾಲಿಟ್ಟರೆ ಹುಸ್ಸೆಂದು ಏಳುವಂಥದು.
ಕಣ್ಣಿಗೆ ಮಣ್ಣೆರಚುವುದು ಗೊತ್ತಿತ್ತು;
ನೀರೆರಚುವುದನ್ನು ಕಂಡದ್ದು ಇದೇ ಮೊದಲು.

ಒದ್ದೆಯ ನಡುವೆ ಒಂದು ಕುರ್ಚಿ,
ಮುರಿದ ಕಾಲಿಗೆ ತಂತಿ ಬಿಗಿದದ್ದು.
ಕುರ್ಚಿಯಲ್ಲಿ ಕಾವಲಿನ ಅವ್ತಂದಿಲ್, ತೊಡೆಯ ಮೇಲೆ ಪೈಪು.
ಸುಳ್ಳು ಹೇಳಲು ಹೋಗಲಿಲ್ಲ ಅವನು.
"ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಹಿಡಿ ಅಂದಿದ್ದಾರೆ.
ನಿನ್ನ ಪೆಟ್ಟಿಗೆ ಕೆಮ್ಮಬಾರದಂತೆ."
ಆಮೇಲೆ ತಾನೇ ಕೆಮ್ಮಿದ,
ಲಾರಿಯೊಂದು ಜಲ್ಲಿ ಸುರಿದು ಮುಗಿಸುವಷ್ಟು ಹೊತ್ತು.
"ರಾತ್ರಿಯೂ ಇಲ್ಲೇ ಕುರ್ಚಿ ಹಾಕುತ್ತೇನೆ.
ಇಡೀ ಸೈಟಿನಲ್ಲಿ ಉಸಿರಾಡಲು ಬರುವುದು
ಇದರ ಪಕ್ಕದಲ್ಲಿ."

ನಾನು ಬರೆಯಬೇಕಿತ್ತು.
ಫಾರಮಿನ ಕೊನೆಗೆ ಷರಾ ಎಂದೊಂದು ಅಂಕಣ,
ಎರಡು ಬೆರಳಗಲ; ಆರು ವರ್ಷದಿಂದ
"ಏನಿಲ್ಲ" ಎಂದೇ ತುಂಬಿಸುತ್ತ ಬಂದದ್ದು.
ಪೆನ್ನು ತೆಗೆದೆ. ಬರೆದರೆ
ಮೊದಲು ಹೋಗುವುದು ಪೈಪು ಹಿಡಿದವನ ಕೆಲಸ,
ಪೈಪು ಕೊಟ್ಟವನದಲ್ಲ ಅಂದುಕೊಂಡೆ.
ಅದು ನೆಪವೂ ಇರಬಹುದು. ನನಗೂ ಹೆದರಿಕೆಯಿತ್ತು.

ಬೋಲ್ಟು ಸಡಿಲಿಸಿದೆ.
ಕೇಳದೆಯೇ ಅವ್ತಂದಿಲ್ ಒಂದು ಕಡೆ ಹಿಡಿದ.
ನಲವತ್ತು ಹೆಜ್ಜೆ ಹೊತ್ತು
ಶಿಶುವಿಹಾರದ ಗೋಡೆ ಬೇಲಿಗೆ ಅಂಟುವ ಕಡೆ ನಿಲ್ಲಿಸಿದೆವು.
ನಿಯಮದ ಅಡ್ಡಿಯಿಲ್ಲ, ಬೇಲಿಯೊಳಗಿದ್ದರಾಯಿತು.

ಮುಂದಿನ ಗುರುವಾರ
ಆ ಗೋಡೆಯುದ್ದಕ್ಕೂ ನೆಲ ಒದ್ದೆ.
ತಿಂಗಳುಗಟ್ಟಲೆ ಮುಚ್ಚಿದ್ದ ಕಿಟಕಿ ಗೇಣು ತೆರೆದಿತ್ತು.
ಒಳಗೆ ಯಾರೋ ಪುಟ್ಟವರು
ಚಮಚದಿಂದ ತಟ್ಟೆ ಬಡಿಯುತ್ತಿದ್ದರು.
ಬಿಲ್ಲೆ ಕೆನೆಬಿಳಿ. ಸುಳ್ಳು ಬಿಳಿ.
ಅದರಾಚಿನ ವಾರ ಬಸ್ ನಿಲ್ದಾಣದ ಕಡೆಗೆ ಸರಿಸಿದೆ.
ನೀರು ಹಿಂದೆಯೇ ಬಂತು ಸಾಕಿದ ನಾಯಿಯ ಹಾಗೆ,
ಕುರ್ಚಿಯೂ ಬಂತು;
ಶಿಶುವಿಹಾರದ ಕಿಟಕಿ ಮತ್ತೆ ಮುಚ್ಚಿತು.

ಇರುವುದು ಒಂದೇ ಪೆಟ್ಟಿಗೆ.
ಯಾರ ಮೂಗಿಗೆ ಈ ವಾರ ಗಾಳಿ ಎಂದು
ನಾನು ಹಂಚಲು ಕೂತಿದ್ದೆ, ಪಡಿತರದ ಹಾಗೆ,
ಯಾರೂ ಕೊಡದ ಅಧಿಕಾರ.

ಈ ಹೊತ್ತು ಲಮಾರಾಳ ದಿಂಬಿನ ಚೀಲ ಕೇಳಿ ತಂದೆ,
ಏಳು ದಿನ ಹಗ್ಗದ ಮೇಲೆ ತೂಗಿದ್ದು.
ಬಿಲ್ಲೆಯ ಪಕ್ಕ ಅದನ್ನಿಟ್ಟು
ಷರಾದಲ್ಲಿ ಬರೆದೆ:
ನೆಲ ಒದ್ದೆ, ಪೆಟ್ಟಿಗೆಯ ಸುತ್ತ ಮಾತ್ರ.
ಎರಡು ಬೆರಳಗಲಕ್ಕೆ ಸಾಲದೆ
ಕೊನೆಯ ಪದ ಅಂಚಿಗೆ ಹೋಗಿ ಸೊಟ್ಟಾಯಿತು.

ಅವ್ತಂದಿಲ್ ಭುಜದ ಮೇಲಿಂದ ಬಗ್ಗಿ ಓದಿದ,
ತುಟಿ ಅಲ್ಲಾಡಿಸುತ್ತ, ನಿಧಾನ.
ಪೈಪಿನ ನಲ್ಲಿ ತಿರುಗಿಸಿ ನಿಲ್ಲಿಸಿದ.
"'ಮಾತ್ರ' ಅನ್ನುವುದು ಕಾಣುತ್ತಿಲ್ಲ," ಅಂದ,
"ದಪ್ಪಗೆ ಬರೆ."